ಅದನ್ನು ಸಂಬಳ ಅಂತಲೇ ಕರೆಯಿರಿ

ಇವತ್ತು ಚಿಕ್ಕಮ್ಮನ ಜೊತೆ ಬ್ಯಾಂಕಿಗೆ ಹೋಗಿ ಬಂದೆ. ಇನ್ನೂ ಮೈ ಉರಿಯುತ್ತಿದೆ. ಅವರು ಅಂಗನವಾಡಿ ಟೀಚರ್ ಅಂತ ನಿಮಗೆಲ್ಲ ಗೊತ್ತಲ್ಲ. ಮಗಳ ಕಾಲೇಜು ಫೀಸಿಗೆ ಸಾಲ ಕೇಳಿದರೆ ಸ್ಯಾಲರಿ ಸ್ಲಿಪ್ ಬೇಕು ಅಂದರು. ಚಿಕ್ಕಮ್ಮ ಪಾಸ್‌ಬುಕ್ ತೋರಿಸಿದರು. "ಇದು ಗೌರವಧನ ಮೇಡಂ, ಸಂಬಳ ಅಲ್ಲ" ಅಂತ ವಾಪಸ್ ಕೊಟ್ಟರು.

ಗೌರವಧನ! ಒಂದು ಸಂಜೆ ಬಂದು ಭಾಷಣ ಮಾಡಿ ಹೋಗುವ ಅತಿಥಿಗೆ ಶಾಲು ಹಾರದ ಜೊತೆ ಕೊಡುವ ಕವರಿಗೆ ಆ ಮಾತು ಸರಿ. ಬೆಳಿಗ್ಗೆ ಬಾಗಿಲು ತೆಗೆದು, ಮಕ್ಕಳನ್ನು ಕೂರಿಸಿ, ತೂಕ ನೋಡಿ, ಊಟ ಬಡಿಸಿ, ಗರ್ಭಿಣಿಯರ ಲೆಕ್ಕ ಬರೆದು, ಅದನ್ನೆಲ್ಲ ಪೋಷಣ್ ಟ್ರ್ಯಾಕರ್ ಆ್ಯಪಿಗೂ ತುಂಬಿ, ಸಾಲದ್ದಕ್ಕೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವವರಿಗೆ ತಿಂಗಳು ತಿಂಗಳು ಕೊಡುವ ದುಡ್ಡು ಹೇಗೆ ಗೌರವಧನ ಆಗುತ್ತದೆ?

ಈ ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಐವತ್ತು ವರ್ಷ ಆದರೂ ಇವರು ಕಾಗದದಲ್ಲಿ ನೌಕರರಲ್ಲ, ಬರೀ ಕಾರ್ಯಕರ್ತೆಯರು. ಆಶಾ ಕಾರ್ಯಕರ್ತೆಯರ ಕಥೆಯೂ ಇದೇ. ಅವರಿಗಂತೂ ಗೌರವಧನದ ಜೊತೆ ಪ್ರೋತ್ಸಾಹಧನ ಅಂತ ಇನ್ನೊಂದು ಹೆಸರು.

"ಅರ್ಧ ದಿನದ ಕೆಲಸ, ಸೇವೆ ಅಂತ ಒಪ್ಪಿಕೊಂಡೇ ಬಂದಿದ್ದಾರೆ" ಅಂತ ಕೆಲವರು ಹೇಳುತ್ತಾರೆ. ಒಂದು ವಾರ ಅವರ ಹಿಂದೆ ಓಡಾಡಿ ನೋಡಿ, ಆಮೇಲೆ ಮಾತಾಡೋಣ. 2006ರಲ್ಲಿ ನಮ್ಮ ರಾಜ್ಯದ್ದೇ ಕೇಸಿನಲ್ಲಿ ಇವರದು ಸರ್ಕಾರಿ ಹುದ್ದೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, ನಿಜ. ಆದರೆ 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಕೇಸಿನಲ್ಲಿ, ಅದೇ ಕೋರ್ಟು ಇದು ಅರೆಕಾಲಿಕ ಕೆಲಸ ಅನ್ನೋದನ್ನು ಒಪ್ಪಲಿಲ್ಲ. ಇವರಿಗೆ ಕೊಡುವ ಗೌರವಧನವೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಕಾಯ್ದೆಯ ಪ್ರಕಾರ ವೇತನವೇ, ಗ್ರಾಚ್ಯುಟಿ ಕೊಡಲೇಬೇಕು ಅಂತು. ಇಷ್ಟಾದ ಮೇಲೂ ಹಳೇ ಹೆಸರು ಯಾಕೆ ಅಂದರೆ, ಸಂಬಳ ಅಂದ ತಕ್ಷಣ ಕನಿಷ್ಠ ವೇತನ ಕೊಡಬೇಕಾಗುತ್ತದೆ, ಪಿಂಚಣಿ ಕೊಡಬೇಕಾಗುತ್ತದೆ. ಅಷ್ಟೇ ವಿಷಯ.

ಚಿಕ್ಕಮ್ಮನ ಆ ದುಡ್ಡಿನಲ್ಲೇ ನಾನು ಪಿಯುಸಿ ಓದಿದ್ದು. ಮನೆಯಲ್ಲಿ ಯಾರೂ ಅದನ್ನು ಗೌರವಧನ ಅಂದಿಲ್ಲ. "ಸಂಬಳ ಆಯ್ತಾ?" ಅಂತಲೇ ಕೇಳುತ್ತಿದ್ದೆವು. ಎಷ್ಟೋ ತಿಂಗಳು ಆಗಿರುತ್ತಿರಲಿಲ್ಲ, ಅದು ಬೇರೆ ಸಂಕಟ.

ಇವರನ್ನು ಕಾರ್ಮಿಕರು ಅಂತ ಗುರುತಿಸಿ, ಕನಿಷ್ಠ ವೇತನ ಕೊಡಿ ಅಂತ 2013ರಲ್ಲೇ, ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದೆ. ಸರ್ಕಾರಗಳು ಬದಲಾದವು, ಶಿಫಾರಸು ಮಾತ್ರ ಜಾರಿ ಆಗಿಲ್ಲ. ಮುಂದಿನ ಸಲ ಅಂಗನವಾಡಿಯವರು ಫ್ರೀಡಂ ಪಾರ್ಕಿನಲ್ಲಿ ಕೂತಾಗ ಟ್ರಾಫಿಕ್ ಜಾಮ್ ಅಂತ ಬೈಯುವ ಮೊದಲು, ಅವರ ಬೇಡಿಕೆ ಪಟ್ಟಿ ಒಮ್ಮೆ ಓದಿ.