ಹಾವು, ಕೋಲು ಮತ್ತು ಕರಿಯ ಚೆಂಡು

ಪೂಲ್ ಮೇಜಿನ ಸುತ್ತ ನಿಂತವರ ನ್ಯಾಯ ಬಹಳ ಸರಳ. ಚೆಂಡನ್ನು ಪಾಕೆಟ್ಟಿಗೆ ಹಾಕಿದವನು ಶೂರ. ಹಾಕಲು ಹೋಗಿ ತಪ್ಪಿದವನೂ ಶೂರನೇ, ಅದೃಷ್ಟ ಕೈಕೊಟ್ಟಿತು ಅಷ್ಟೆ. ಆದರೆ ಕಷ್ಟದ ಹೊಡೆತ ಎದುರಾದಾಗ ಪಾಕೆಟ್ಟಿನ ಗೊಡವೆಗೇ ಹೋಗದೆ, ಚೆಂಡನ್ನು ಮೆಲ್ಲಗೆ ಮುಟ್ಟಿಸಿ, ಎದುರಾಳಿಗೆ ದಾರಿಯೇ ಕಾಣದಂತೆ, ಕೋಲಿನಿಂದ ಹೊಡೆಯುವ ಬಿಳಿ ಚೆಂಡನ್ನು ಮರೆಯಲ್ಲಿ ನಿಲ್ಲಿಸಿ ಬರುವವನಿದ್ದಾನಲ್ಲ, ಅವನನ್ನು ಮಾತ್ರ ಮದುವೆಯ ಊಟ ಮುಗಿಸಿ ಮುಯ್ಯಿಯ ಸಾಲಿಗೆ ನಿಲ್ಲದೆ ಹಿಂಬಾಗಿಲಿನಿಂದ ಹೋದವನಂತೆ ನೋಡುತ್ತಾರೆ. ಆಟ ಬಲ್ಲವರು ಇದನ್ನು ಸೇಫ್ಟಿ ಎನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಇದು ‘ರಾಯರ ಆಟ’.

ರಾಯರು ನಮ್ಮ ಮೇಲಿನ ಮಹಡಿಯವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೆಕ್ಕಪರಿಶೋಧನೆ ಮಾಡಿ ನಿವೃತ್ತರಾದವರು, ಈಗ ನಿವಾಸಿಗಳ ಸಂಘದ ಖಜಾಂಚಿ. ಕಾರ್ಖಾನೆಯ ಅಧಿಕಾರಿಗಳ ಕ್ಲಬ್ಬಿನಲ್ಲಿ 12 ಅಡಿ ಉದ್ದದ ಮೇಜಿನ ಮೇಲೆ ಸ್ನೂಕರ್ ಕಲಿತ ಅವರಿಗೆ ನಮ್ಮ ಎಂಟು ಅಡಿಯ ಪೂಲ್ ಮೇಜು ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಹೊಸಬರು ಯಾರೇ ಬಂದರೂ ರಾಯರು ಮೊದಲು ಇತಿಹಾಸ ಹೇಳುತ್ತಾರೆ: ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್‌ಪುರದಲ್ಲಿ, ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಕುಳಿತ ಬ್ರಿಟಿಷ್ ಸೇನಾಧಿಕಾರಿಗಳ ಬೇಸರದಿಂದ, ಅದರ ನಿಯಮಗಳು ಒಂದು ಹದಕ್ಕೆ ಬಂದದ್ದು ಊಟಿಯ ಕ್ಲಬ್ಬಿನಲ್ಲಿ. ಇಷ್ಟು ಹೇಳಿ ಅವರು ತೆಗೆಯುವ ತಾತ್ಪರ್ಯ ಮಾತ್ರ ಅವರದೇ: “ಮಳೆ ನಿಲ್ಲುವ ತನಕ ಆಡಲೆಂದು ಮಾಡಿದ ಆಟವನ್ನು ಐದು ನಿಮಿಷದಲ್ಲಿ ಮುಗಿಸುವ ಅವಸರ ನಿಮಗೇಕೆ?”

ನಾನು ಬಂದದ್ದು ಕೇರಂ ಬೋರ್ಡಿನಿಂದ. ನಮ್ಮ ಪೀಳಿಗೆಯ ಬಹುಪಾಲು ಜನ ಪೂಲ್ ಮೇಜಿಗೆ ಬಂದದ್ದೂ ಅಲ್ಲಿಂದಲೇ. ಬೋರಿಕ್ ಪುಡಿಯ ಬದಲು ಕ್ಯೂ ಕೋಲಿನ ತುದಿಗೆ ನೀಲಿ ಚಾಕ್ ಬಂತು, ಮಿಕ್ಕದ್ದೆಲ್ಲ ಅದೇ ಎಂಬ ಧೈರ್ಯದಲ್ಲಿ ಬಂದೆವು. ಒಂದು ಸಣ್ಣ ವ್ಯತ್ಯಾಸ ಯಾರೂ ಹೇಳಲಿಲ್ಲ. ಕೇರಂನಲ್ಲಿ ಹೊಡೆದ ಮೇಲೆ ಸ್ಟ್ರೈಕರ್ ಎಲ್ಲಿ ಹೋಗಿ ನಿಂತರೂ ಚಿಂತೆಯಿಲ್ಲ, ಮುಂದಿನ ಆಟಕ್ಕೆ ಅದು ಮತ್ತೆ ಕೈಗೆ ಬರುತ್ತದೆ, ಗೆರೆಯ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳಬಹುದು. ಪೂಲ್‌ನಲ್ಲಿ ಬಿಳಿ ಚೆಂಡು ನಿಂತಲ್ಲೇ ನಿಲ್ಲುತ್ತದೆ. ನಾನು ತಪ್ಪಿದರೆ ಅದು ನಿಂತ ಜಾಗ ಎದುರಾಳಿಗೆ ಪಿತ್ರಾರ್ಜಿತವಾಗಿ ಸಿಗುತ್ತದೆ. ಕಾಯಿನ್ ಬಿದ್ದರೆ ಸಾಕು ಎಂದು ಬೆಳೆದವರಿಗೆ, ಹೊಡೆದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಎಂದು ಯೋಚಿಸುವುದು ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಕೆಲಸ. ಹಾಗಾಗಿ ಕಣ್ಣಿಗೆ ಪಾಕೆಟ್ಟು ಕಂಡರೆ ಹೊಡೆಯುವುದು, ಕಾಣದಿದ್ದರೆ ಇನ್ನೂ ಜೋರಾಗಿ ಹೊಡೆಯುವುದು ನನ್ನ ಪದ್ಧತಿ. ಇದನ್ನು ನಾನು ಆಕ್ರಮಣಕಾರಿ ಆಟ ಎನ್ನುತ್ತೇನೆ. ರಾಯರು ‘ಅನಧಿಕೃತ ವೆಚ್ಚ’ ಎನ್ನುತ್ತಾರೆ.

ಮೇಜಿನ ಬಗ್ಗೆಯೂ ಹೇಳಬೇಕು. ಬಿಲ್ಡರ್ ಕೊಟ್ಟ ಬಣ್ಣದ ಕೈಪಿಡಿಯಲ್ಲಿ ಈ ಮೇಜು ವಿಶಾಲವಾದ ಕೋಣೆಯಲ್ಲಿ, ನಗುತ್ತಿರುವ ವಿದೇಶಿ ದಂಪತಿಯ ನಡುವೆ ಇತ್ತು. ನಿಜವಾದ ಕೋಣೆಯಲ್ಲಿ ಅದರ ಬಲಕ್ಕೆ ಮೂರು ಅಡಿ ದೂರದಲ್ಲಿ ಒಂದು ಕಾಂಕ್ರೀಟ್ ಕಂಬವಿದೆ. ಕ್ಯೂ ಕೋಲಿನ ಉದ್ದ ಐದು ಅಡಿಗೆ ತುಸು ಕಡಿಮೆ. ಬಿಳಿ ಚೆಂಡು ಆ ಕಡೆಯ ಕುಶನ್ನಿಗೆ, ಅಂದರೆ ಮೇಜಿನ ರಬ್ಬರ್ ಅಂಚಿಗೆ, ಹತ್ತಿರ ನಿಂತರೆ ಕೋಲಿನ ಹಿಂತುದಿಯನ್ನು ಕಂಬಕ್ಕೆ ತಗುಲದಂತೆ ಮೇಲೆತ್ತಿ, ಬಾವಿಗೆ ಇಣುಕುವ ಭಂಗಿಯಲ್ಲಿ ಹೊಡೆಯಬೇಕು. ಕಂಬದ ಮೇಲಿನ ಸುಣ್ಣ ಎದೆಯ ಮಟ್ಟದಲ್ಲಿ ಎದ್ದುಹೋಗಿದೆ. ಇದಲ್ಲದೆ ಮೇಜು ಒಂದು ಮೂಲೆಗೆ ಕೂದಲೆಳೆಯಷ್ಟು ವಾಲಿದೆ ಎಂಬ ಗುಮಾನಿ ಹಲವರಿಗಿದೆ. ಸರಿಪಡಿಸಲು ಎಷ್ಟಾಗುತ್ತದೆ ಎಂಬ ದರಪಟ್ಟಿ ರಾಯರ ಕಡತದಲ್ಲಿದೆ. ಆದರೆ ಗುಮಾನಿಯ ಮೇಲೆ ಹಣ ಬಿಡುಗಡೆ ಮಾಡುವವರಲ್ಲ ಅವರು.

ಆ ಶನಿವಾರ ಸಂಜೆ ಪಂದ್ಯಕ್ಕೆ ಪಣವಿತ್ತು. ಸೋತವರು ಭಾನುವಾರ ಬೆಳಿಗ್ಗೆ ಗೆದ್ದವರ ಮನೆಮಂದಿಗೆಲ್ಲ ಇಡ್ಲಿ ವಡೆ ತರಬೇಕು. ರಾಯರ ಮನೆಯಲ್ಲಿ ಆ ವಾರ ಮಗಳು, ಅಳಿಯ, ಮೊಮ್ಮಕ್ಕಳು ಬಂದಿದ್ದರು. ಇದು ಕಾಕತಾಳೀಯ ಎಂದು ನಾನು ಈಗಲೂ ನಂಬಿಲ್ಲ. ನನ್ನ ಏಳು ಚೆಂಡುಗಳೂ ಹೋಗಿ, ಕೊನೆಗೆ ಹಾಕಿ ಗೆಲ್ಲಬೇಕಾದ ಕರಿಯ ಎಂಟನೇ ಚೆಂಡು ಮಾತ್ರ ಉಳಿದಿತ್ತು. ರಾಯರಿಗೆ ಇನ್ನೂ ಎರಡು ಪಟ್ಟೆ ಚೆಂಡು, ಎರಡೂ ಮಧ್ಯದ ಪಾಕೆಟ್ಟುಗಳ ಬಾಯಲ್ಲೇ ಬಿಡಾರ ಹೂಡಿದ್ದವು. ಕರಿಯ ಚೆಂಡು ಮೇಜಿನ ಆಚೆ ತುದಿಯಲ್ಲಿ, ಕುಶನ್ನಿನಿಂದ ನಾಲ್ಕು ಬೆರಳು ಈಚೆಗೆ, ಎರಡು ಮೂಲೆಗಳ ನಡುವೆ. ಬಿಳಿ ಚೆಂಡು? ಕಂಬದ ಪಕ್ಕದಲ್ಲಿ, ಇನ್ನೆಲ್ಲಿ.

ಪಾಕೆಟ್ಟಿಗೆ ಹಾಕಬೇಕೆಂದರೆ ಎಡ ಮೂಲೆಯೊಂದೇ ದಾರಿ. ಅದಕ್ಕೆ ಕರಿಯ ಚೆಂಡಿನ ಅಂಚನ್ನು ತೆಳ್ಳಗೆ ಸವರಬೇಕು. ಬಿಳಿ ಚೆಂಡು ಗುರಿಯ ಚೆಂಡಿಗೆ ಅರ್ಧ ತಗುಲಿದರೆ ಗುರಿಯ ಚೆಂಡು ಸುಮಾರು 30 ಡಿಗ್ರಿ ಓರೆಯಾಗಿ ಹೊರಡುತ್ತದೆ, ಕಾಲು ಭಾಗ ತಗುಲಿದರೆ ಸುಮಾರು 49 ಡಿಗ್ರಿ. ನನಗೆ ಬೇಕಿದ್ದದ್ದು ಅದಕ್ಕಿಂತಲೂ ತೆಳುವಾದ ಸ್ಪರ್ಶ. ಚೆಂಡಿನ ಅಗಲವೇ 57 ಮಿಲಿಮೀಟರ್. ಅಂಚಿಗೆ ಹೋದಷ್ಟೂ ಒಂದೊಂದು ಮಿಲಿಮೀಟರೂ ಡಿಗ್ರಿಗಟ್ಟಲೆ ತಪ್ಪಾಗುತ್ತದೆ, ಮೂಲೆ ದೂರವಿದ್ದಷ್ಟೂ ಆ ತಪ್ಪು ಬೆಳೆಯುತ್ತದೆ, ಮೂಲೆಯ ಬಾಯಿಯಾದರೋ ಹೆಚ್ಚೂಕಡಿಮೆ ಎರಡು ಚೆಂಡಿನಷ್ಟೇ ಅಗಲ. ಕಂಬದ ದೆಸೆಯಿಂದ ಎತ್ತಿ ಹಿಡಿದ ಕೋಲಿನಿಂದ ಇದನ್ನೆಲ್ಲ ಸಾಧಿಸಬೇಕು.

ಸಲಹೆಗಾರರು ಸೇರಿದರು. ಪಿಯುಸಿ ಓದುವ ಪಕ್ಕದ ಬ್ಲಾಕಿನ ಹುಡುಗ ಪೂಲ್ ಕಲಿತದ್ದು ಪೂರ್ತಿ ಮೊಬೈಲಿನಲ್ಲಿ. ಅಲ್ಲಿ ಹೊಡೆಯುವ ಮೊದಲೇ ಚೆಂಡು ಹೋಗುವ ದಾರಿ ಬಿಳಿ ಗೆರೆಯಾಗಿ ಕಾಣುತ್ತದೆ. ಅವನು ಮೇಜಿನ ಮೇಲೆ ಕಣ್ಣಾಡಿಸಿ, ಗೆರೆ ಇಲ್ಲದ್ದಕ್ಕೆ ಸಂಘದ ನಿರ್ವಹಣೆಯೇ ಕಾರಣವೆಂಬಂತೆ ರಾಯರ ಕಡೆ ನೋಡಿದ. “ಅಂಕಲ್, ಹೊಡೆಯಿರಿ, ಹೋಗುತ್ತದೆ” ಎಂದ. ವಾಕಿಂಗ್ ಮುಗಿಸಿ ಬಂದವರೊಬ್ಬರು, “ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾಕ್ಕೆ ಹೋಗಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ ಹದಿನೆಂಟು ವರ್ಷ. ಹೆದರಿಕೊಂಡಿದ್ದರೆ ಗೆಲ್ಲುತ್ತಿದ್ದರೇ?” ಎಂದರು. ಐವತ್ತು ದಾಟಿದ, ಇಡ್ಲಿ ವಡೆಗೆ ಆಡುತ್ತಿರುವ ನನಗೂ ಈ ಉದಾಹರಣೆಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಅವರು ನೀರು ಕುಡಿಯಲು ಹೋದರು.

ರಾಯರು ಎದುರಾಳಿಯಾದರೂ ಬೇರೆಯವರ ಲೆಕ್ಕದಲ್ಲಿ ತಪ್ಪು ಕಂಡರೆ ಸುಮ್ಮನಿರುವ ಜಾತಿಯಲ್ಲ. “ಬೀಳುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳುತ್ತಿದ್ದೀರಿ. ಬೀಳದಿದ್ದರೆ ನನಗೆ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಈ ಹೊಡೆತ ನೀವು ಹತ್ತು ಸಲ ಹೊಡೆದರೆ ಎಷ್ಟು ಸಲ ಬೀಳುತ್ತದೆ?”

“ಐದು” ಎಂದೆ.

“ಎರಡು” ಎಂದು ಪರಿಶೋಧಿಸಿದರು. “ಮಿಕ್ಕ ಎಂಟು ಸಲ ಬಿಳಿ ಚೆಂಡು ಕುಶನ್ನಿಗೆ ಬಡಿದು ಮೇಜಿನ ನಡುವಿಗೆ ಬರುತ್ತದೆ. ಅಲ್ಲಿ ನನ್ನ ಎರಡೂ ಚೆಂಡುಗಳು ಬಾಯಿ ತೆರೆದು ಕುಳಿತಿವೆ.”

ಮಾತು ಸರಿಯಾಗಿತ್ತು. ಅದೇ ಅವರ ದೊಡ್ಡ ದೋಷ. ಅವರ ಐದು ಚೆಂಡು ಅಲ್ಲಲ್ಲಿ ಸಿಕ್ಕಿಕೊಂಡು ಬಿದ್ದಿದ್ದರೆ ನಾನು ಹೊಡೆದು ತಪ್ಪಿದರೂ ಪ್ರಳಯವಾಗುತ್ತಿರಲಿಲ್ಲ. ಈಗ ತಪ್ಪಿದರೆ ನೇರವಾಗಿ ಹೋಟೆಲಿನ ಪಾರ್ಸಲ್ ಕೌಂಟರಿಗೇ ಹೋಗಬೇಕು. ಹಾಗೆಂದು ಸೇಫ್ಟಿಯೇನೂ ಹೂವೆತ್ತಿದ ಕೆಲಸವಲ್ಲ. ಪಾಕೆಟ್ಟಿಗೆ ಹಾಕುವವನು ಒಂದು ಚೆಂಡನ್ನು ಹೇಳಿದಂತೆ ಕೇಳಿಸಿದರೆ ಸಾಕು. ಸೇಫ್ಟಿಯಲ್ಲಿ ಎರಡೂ ಚೆಂಡು ಹೇಳಿದಲ್ಲೇ ನಿಲ್ಲಬೇಕು. ಜೊತೆಗೆ ಸುಮ್ಮನೆ ತಾಗಿಸಿ ಬಿಡುವ ಹಾಗೂ ಇಲ್ಲ. ತಾಗಿದ ಮೇಲೆ ಯಾವುದಾದರೂ ಒಂದು ಚೆಂಡು ಕುಶನ್ ಮುಟ್ಟಲೇಬೇಕು, ಇಲ್ಲವಾದರೆ ಫೌಲ್. ಫೌಲ್ ಆದರೆ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲೆತ್ತಿ ಮೇಜಿನ ಮೇಲೆ ಬೇಕಾದ ಕಡೆ ಇಡಬಹುದು. ಅರೆಬರೆ ಸೇಫ್ಟಿಗಿಂತ ಕಣ್ಣು ಮುಚ್ಚಿ ಹೊಡೆಯುವುದೇ ಮೇಲು ಎಂದು ಎಷ್ಟೋ ಸಲ ಅನ್ನಿಸುತ್ತದೆ. ಬಲ್ಲವರಿಗೆ ಮೂರನೆಯ ದಾರಿಯೂ ಇದೆ: ಬಿದ್ದರೆ ಗೆಲುವು, ಬೀಳದಿದ್ದರೂ ಎದುರಾಳಿಗೆ ಏನೂ ದಕ್ಕದಂತೆ ಹೊಡೆಯುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹಿರಿಯರು ಹೇಳಿದ್ದು ಕ್ಯೂ ಕೋಲು ನೋಡಿಯೇ ಇರಬೇಕು. ಆದರೆ ಆ ಕಂಬದ ಪಕ್ಕದಿಂದ ಅದು ಸಾಧ್ಯವಿರಲಿಲ್ಲ.

ಕೋಲಿನ ತುದಿಗೆ ಚಾಕ್ ತಿಕ್ಕಿದೆ. ಯೋಚನೆ ಮಾಡುತ್ತಿದ್ದೇನೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಆಟದಲ್ಲಿಲ್ಲ. ಮತ್ತೆ ತಿಕ್ಕಿದೆ. ಮೇಜನ್ನು ಒಂದು ಸುತ್ತು ಹಾಕಿ, ಕರಿಯ ಚೆಂಡಿನ ಹಿಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ.

“ಯಾವ ಪಾಕೆಟ್ಟು?” ಎಂದು ರಾಯರು ಕೇಳಿದರು. ಎಂಟನೇ ಚೆಂಡಿಗೆ ಮೊದಲೇ ಪಾಕೆಟ್ಟು ಹೇಳಬೇಕು. ಹೇಳದ ಪಾಕೆಟ್ಟಿಗೆ ಅದು ಬಿದ್ದರೆ ಆಟವೇ ಸೋತಂತೆ.

“ಯಾವುದೂ ಇಲ್ಲ ರಾಯರೇ. ಸೇಫ್ಟಿ.”

ಹುಡುಗನ ಬಾಯಿಂದ ‘ಛೆ’ ಹೊರಟಿತು. ರಾಯರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. ಕ್ಲಬ್‌ಹೌಸಿನಲ್ಲಿ ತಾನೊಬ್ಬನೇ ನಂಬಿದ್ದ ಮತಕ್ಕೆ ಇನ್ನೊಬ್ಬ ಸೇರಿದ ಆನಂದ ಅವರ ಮುಖದಲ್ಲಿತ್ತು.

ಹೊಡೆತ ಅದ್ಭುತವಾಗಿ ಬಂತು, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಬಿಳಿ ಚೆಂಡು ನಿಧಾನವಾಗಿ ಹೋಗಿ ಕರಿಯ ಚೆಂಡಿಗೆ ದಪ್ಪಗೆ ತಗುಲಿತು. ಕರಿಯ ಚೆಂಡು ಕುಶನ್ ಮುಟ್ಟಿ, ಗೇಣುದ್ದ ಹಿಂದೆ ಬಂದು, ನಿಂತಿತು. ಬಿಳಿ ಚೆಂಡು ಅದರ ಬೆನ್ನಿಗೇ ಅಡಗಿತು. ರಾಯರು ಕೋಲನ್ನು ಗೋಡೆಗೆ ಒರಗಿಸಿ ಕೈಕುಲುಕಲು ಬಂದರು. “ಬಹಳ ಚೆನ್ನಾಗಿ ಆಡಿದಿರಿ. ನನಗೆ ಏನೂ ಕಾಣಿಸುತ್ತಿಲ್ಲ” ಎಂದರು. ನಾನೂ ಕೈ ಚಾಚಿದೆ.

“ಅಂಕಲ್, ಅದು ಹೋಗುತ್ತಿದೆ” ಎಂದ ಹುಡುಗ.

ಕರಿಯ ಚೆಂಡು ನಿಂತಿರಲಿಲ್ಲ, ಯೋಚಿಸುತ್ತಿತ್ತು. ಮೊದಲು ಕಂಡೂ ಕಾಣದಂತೆ, ಆಮೇಲೆ ಮನಸ್ಸು ಗಟ್ಟಿಮಾಡಿಕೊಂಡು ಎಡಕ್ಕೆ ಹೊರಟಿತು. ಊದಿ ತಡೆಯೋಣವೆಂದರೆ ಅದೂ ಫೌಲ್. ಕೈಕುಲುಕುತ್ತಲೇ ಇಬ್ಬರೂ ನೋಡಿದೆವು. ಎಡ ಮೂಲೆಯ ಬಾಯಲ್ಲಿ ಒಂದು ಕ್ಷಣ ತಡೆದು, ನಾನು ಸಾವಿರ ರೂಪಾಯಿ ಕೊಟ್ಟರೂ ಹಾಕಲಾಗದಷ್ಟು ಕರಾರುವಾಕ್ಕಾಗಿ ಒಳಗೆ ಬಿತ್ತು.

ಹುಡುಗ ಚಪ್ಪಾಳೆ ತಟ್ಟಿದ. ಬಿದ್ದದ್ದು ಹೇಳದ ಪಾಕೆಟ್ಟಿಗೆ, ಆದ್ದರಿಂದ ಆಟ ತಮ್ಮದು ಎಂದು ರಾಯರು ವಿನಯದಿಂದ ವಿವರಿಸಿದರು. “ಎಡ ಮೂಲೆ ಎಂದು ಎರಡು ಶಬ್ದ ಹೇಳಿದ್ದರೆ ನೀವೇ ಗೆಲ್ಲುತ್ತಿದ್ದಿರಿ” ಎಂದೂ ಸೇರಿಸಿದರು. ನೀರು ಕುಡಿದು ಬಂದವರು ಯಾರು ಗೆದ್ದರೆಂದು ಕೇಳಿ, “ನಾನು ಆಗಲೇ ಹೇಳಲಿಲ್ಲವೇ, ಹೆದರಬಾರದು” ಎಂದರು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ದರ್ಶಿನಿಯ ಮುಂದೆ ನಿಂತು, ರಾಯರ ಅಳಿಯನಿಗೆ ಸಾಂಬಾರ್ ಬೇರೆ ಕಟ್ಟಬೇಕೇ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದೆ.

ಸಂಘದ ಮುಂದಿನ ಸಭೆಯಲ್ಲಿ ಮೇಜನ್ನು ಸಮತಟ್ಟು ಮಾಡಿಸಬೇಕೆಂದು ನಾನು ನಿರ್ಣಯ ಮಂಡಿಸಿದೆ. ಗುಮಾನಿಗೆ ಈಗ ಪುರಾವೆಯಿದೆ, ಸಾಕ್ಷಿಗಳಿದ್ದಾರೆ, ಖಜಾಂಚಿಗಳೇ ಮೊದಲ ಸಾಕ್ಷಿ ಎಂದು ವಾದಿಸಿದೆ. ರಾಯರು ಎದ್ದು ನಿಂತರು. “ಇಳಿಜಾರು ಎರಡೂ ಪಕ್ಷಗಳಿಗೆ ಸಮಾನವಾಗಿದೆ. ಈ ವರ್ಷ ಲಿಫ್ಟಿನ ಖರ್ಚು ಬೇರೆ ಇದೆ. ಮುಂದಿನ ಬಜೆಟ್ಟಿನಲ್ಲಿ ನೋಡೋಣ” ಎಂದರು. ಅಧ್ಯಕ್ಷರು ನೀರಿನ ಟ್ಯಾಂಕರ್ ವಿಷಯಕ್ಕೆ ದಾಟಿದರು.

ಅಲ್ಲಿಂದೀಚೆಗೆ ರಾಯರ ಆಟದಲ್ಲಿ ಒಂದೇ ಒಂದು ಬದಲಾವಣೆಯಾಗಿದೆ. ಸೇಫ್ಟಿ ಆಡುವುದನ್ನು ಅವರು ಬಿಟ್ಟಿಲ್ಲ. ಆದರೆ ಆಡುವುದು ಕರಿಯ ಚೆಂಡಾಗಿದ್ದರೆ, ಕೋಲು ಯಾವ ದಿಕ್ಕಿಗೆ ಮುಖ ಮಾಡಿದ್ದರೂ, ಹೊಡೆಯುವ ಮೊದಲು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: “ಎಡ ಮೂಲೆ.”