ಮಾನ್ಯ ಕತ್ತೆಯವರೇ

ಕಳೆದ ದಸರಾ ರಜೆಯಲ್ಲಿ ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘ ಮಕ್ಕಳಿಗೆಂದು ಒಂದು ಬೊಂಬೆಯಾಟ ಏರ್ಪಡಿಸಿತ್ತು. ಮೂಟೆ ಹೊರಲೊಲ್ಲದೆ ದಾರಿಯ ನಡುವೆಯೇ ಕುಳಿತುಬಿಟ್ಟ ಕತ್ತೆಯನ್ನು ರೈತನ ಬೊಂಬೆ ಮೊದಲು ಪುಸಲಾಯಿಸಿತು, ಆಮೇಲೆ ಬಾಲ ಹಿಡಿದು ಎಳೆಯಿತು, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು "ಏಳೇ ಮುಂಡೇದೇ!" ಎಂದು ಕೂಗಿತು. ಮಕ್ಕಳು ಹೋ ಎಂದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಪದಾಧಿಕಾರಿಯೊಬ್ಬರು ಎದ್ದು ಮೈಕು ತೆಗೆದುಕೊಂಡು, ಇದು ಮರ್ಯಾದಸ್ಥರಿರುವ ಬಡಾವಣೆ, ಕಲಾವಿದರು ನಾಲಿಗೆಯ ಮೇಲೆ ಹಿಡಿತವಿಟ್ಟುಕೊಳ್ಳಬೇಕು ಎಂದು ತಾಕೀತು ಮಾಡಿದರು. ಪರದೆಯ ಹಿಂದೆ ಸ್ವಲ್ಪ ಹೊತ್ತು ಸದ್ದಿಲ್ಲ. ಅನಂತರ ರೈತನ ಬೊಂಬೆ ನಡು ಬಗ್ಗಿಸಿ ಕೈಮುಗಿದು, "ಮಾನ್ಯ ಕತ್ತೆಯವರೇ, ತಾವು ದಯಮಾಡಿ ಮೇಲೇಳಬೇಕಾಗಿ ವಿನಂತಿ" ಎಂದಿತು. ಮಕ್ಕಳು ಮೊದಲಿಗಿಂತ ಜೋರಾಗಿ ನಕ್ಕರು. ಪದಾಧಿಕಾರಿಗಳು ಅದನ್ನು ತಮ್ಮ ಮಾತಿಗೆ ಸಿಕ್ಕ ಮನ್ನಣೆಯೆಂದೇ ಭಾವಿಸಿ ತಲೆದೂಗಿದರು.

ಬೊಂಬೆ ಬೈದರೆ ನಗು ಬರುವುದೇಕೆ, ಅದೇ ಮಾತನ್ನು ಪಕ್ಕದ ಮನೆಯವರು ಆಡಿದರೆ ಪೊಲೀಸ್ ಠಾಣೆಯವರೆಗೆ ಹೋಗುವುದೇಕೆ ಎಂಬುದನ್ನು ನಿಧಾನವಾಗಿ ವಿಚಾರ ಮಾಡಬೇಕೆಂದು ಅಂದು ರಾತ್ರಿ ಕುಳಿತೆ. ಸಂಘದ ವಾಟ್ಸ್‌ಆಪ್ ಗುಂಪು ಬಿಡಲಿಲ್ಲ.

ಸಾಮಾನ್ಯವಾಗಿ ನೀರಿನ ಟ್ಯಾಂಕರು ಮತ್ತು ಯಾರದೋ ಗೇಟಿಗೆ ಅಡ್ಡವಾಗಿ ನಿಂತ ಕಾರು, ಇವೆರಡರ ಆಚೆಗೆ ಹೋಗದ ಆ ಗುಂಪಿನಲ್ಲಿ ಅಂದು ಸಾಂಸ್ಕೃತಿಕ ಚರ್ಚೆ ಮೊದಲಾಯಿತು. ಇನ್ನು ಮುಂದೆ ಬೊಂಬೆಯಾಟದವರಿಗೆ ಅನುಮತಿಸಬಹುದಾದ ಬೈಗುಳಗಳ ಪಟ್ಟಿಯನ್ನು ಮೊದಲೇ ಕೊಟ್ಟುಬಿಡೋಣ ಎಂದು ಒಬ್ಬರು ಸೂಚಿಸಿದರು, ಮತ್ತೊಬ್ಬರು ಅನುಮೋದಿಸಿದರು. "ಕತ್ತೆ" ಎಂಬುದು ಅವಿರೋಧವಾಗಿ ಅಂಗೀಕಾರವಾಗುವುದರಲ್ಲಿತ್ತು, ಆದರೆ ಕತ್ತೆಯನ್ನೇ ಕತ್ತೆ ಎಂದರೆ ಅದು ಬೈಗುಳವಲ್ಲ, ಪರಿಚಯ ಎಂದು ನಿವೃತ್ತ ಎಂಜಿನಿಯರೊಬ್ಬರು ತಾಂತ್ರಿಕ ಆಕ್ಷೇಪ ಎತ್ತಿದರು. "ಕೋತಿ"ಗೆ ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗುವವರ ವಿರೋಧ ಬಂತು. "ಹಂದಿ" ಎಂದೊಡನೆ ವರಾಹಾವತಾರವನ್ನು ನೆನಪಿಸಲಾಯಿತು. "ನಾಯಿ" ಎಂದದ್ದಕ್ಕೆ, ತಮ್ಮ ಲ್ಯಾಬ್ರಡಾರ್ ಈ ಬಡಾವಣೆಯ ಹಲವರಿಗಿಂತ ಸಭ್ಯವಾಗಿದೆ ಎಂಬ ಉತ್ತರ ಬಂತು, ಅದರ ಜೊತೆಗೆ ಆ ಪ್ರಾಣಿಯ ಭಾವಚಿತ್ರವೂ ಬಂತು. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಮನೆ ಕಟ್ಟಿಸಿದ ಗೆಳೆಯರೊಬ್ಬರು, ಎಮ್ಮೆಯ ಹಾಲು ಕುಡಿದು ಬೆಳೆದ ತಾವು "ಎಮ್ಮೆ"ಯನ್ನು ಪಟ್ಟಿಗೆ ಸೇರಿಸಲು ಬಿಡುವುದಿಲ್ಲ ಎಂದರು. "ಪೆದ್ದ" ಎನ್ನುವುದರಿಂದ ಮಕ್ಕಳ ಆತ್ಮವಿಶ್ವಾಸ ಕುಸಿಯುತ್ತದೆ ಎಂದು ಆಪ್ತಸಮಾಲೋಚಕಿಯೊಬ್ಬರು ಎಚ್ಚರಿಸಿದರು. ಪ್ರಾಣಿವರ್ಗವೂ ಬುದ್ಧಿವರ್ಗವೂ ಮುಗಿದು ಕೊನೆಗೆ "ಸೋಮಾರಿ" ಒಂದೇ ಉಳಿಯಿತು, ಕತ್ತೆಯ ಪ್ರಸಂಗಕ್ಕೆ ಅದು ಸರಿಯಾಗಿಯೂ ಇತ್ತು. ಆದರೆ ಆ ಪದ ಯಾರನ್ನು ಉದ್ದೇಶಿಸಿದ್ದು ಎಂದು ಖಜಾಂಚಿಗಳು ಕೇಳಿ, ವಾರ್ಷಿಕ ಲೆಕ್ಕಪತ್ರ ಇನ್ನೂ ಮಂಡನೆಯಾಗಿಲ್ಲವೆಂಬ ಸಂಗತಿಯನ್ನು ಯಾರೋ ಅದಕ್ಕೆ ಜೋಡಿಸಿ, ಅವರು ಗುಂಪಿನಿಂದಲೇ ಹೊರನಡೆದರು.

ಈ ಗದ್ದಲದಲ್ಲಿ ತೂಕವಿದ್ದ ಮಾತನ್ನು ಆಡಿದವರು ಒಬ್ಬ ನಿವೃತ್ತ ಶಿಕ್ಷಕಿ ಮಾತ್ರ. ಮಕ್ಕಳು ಕೆಡುತ್ತಾರೆಂಬುದು ತಮ್ಮ ಚಿಂತೆಯಲ್ಲ, "ಮುಂಡೆ" ಎಂದು ಗಂಡ ಸತ್ತ ಹೆಂಗಸನ್ನು ಹೀಗಳೆದು ನಗಿಸುವುದು ತಮಗೆ ಹಿಡಿಸಲಿಲ್ಲ ಎಂದು ಅವರು ಬರೆದರು. ಇದಕ್ಕೆ ಉತ್ತರ ನನ್ನಲ್ಲಿಯೂ ಇಲ್ಲ. ಉಳಿದವರಂತೂ ಅದನ್ನು ಓದಿದಂತೆಯೇ ಕಾಣಲಿಲ್ಲ, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ಮಕ್ಕಳ ಮುಗ್ಧತೆಯ ರಕ್ಷಣೆ. ಇದೇ ಮಕ್ಕಳು ರಾತ್ರಿ ಎಂಟರ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವುದನ್ನು ತಾತನ ತೊಡೆಯ ಮೇಲೆ ಕುಳಿತು ನೋಡುತ್ತಾರೆ. ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಅಪ್ಪ ಕಾರಿನ ಗಾಜು ಇಳಿಸಿ ಬೈಕಿನವನಿಗೆ ಹೇಳುವ ಮಾತುಗಳ ಮುಂದೆ ಬೊಂಬೆಯ ಮಾತು ಸುಪ್ರಭಾತ.

ನನ್ನ ತಾಯಿಯ ತವರು ನಾಗಮಂಗಲದ ಕಡೆ. ಅಲ್ಲಿ ತೊಗಲು ಬೊಂಬೆಯಾಟ ನಡೆಯುವಾಗ ಪರದೆಯ ಮೇಲೆ ಮೊದಲು ಗಣಪತಿ ಬರುತ್ತಾನೆ, ಶಾರದೆ ಬರುತ್ತಾಳೆ, ಸ್ತುತಿ ಮುಗಿಯುತ್ತದೆ, ಅದರ ಬೆನ್ನಿಗೇ ಕಪ್ಪು ಮೈ, ಉಬ್ಬಿದ ಹೊಟ್ಟೆ, ಕೆದರಿದ ಕೂದಲಿನ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಬಂದು ಜಗಳಕ್ಕೆ ನಿಲ್ಲುತ್ತಾರೆ. ಅವರಿಬ್ಬರೂ ಆಡುವುದನ್ನು ಇಲ್ಲಿ ಬರೆಯುವಂತಿಲ್ಲ; ತಾಯಿ ಆ ಆಟದ ಸುದ್ದಿ ಹೇಳುವಾಗಲೂ ಕೆಲವು ಕಡೆ ಕೆಮ್ಮಿ ಮುಂದೆ ಹೋಗುತ್ತಿದ್ದಳು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರಂತೆ, ಮಕ್ಕಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿರುತ್ತಿದ್ದರಂತೆ. ದೀಪದ ಬೆಳಕು ಚರ್ಮದ ಸಣ್ಣ ಸಣ್ಣ ತೂತುಗಳಲ್ಲಿ ಹಾದು ಬಂಗಾರಕ್ಕನ ಒಡವೆಗಳೆಲ್ಲ ಮಿನುಗುವಾಗಲೇ ಅವಳ ಬಾಯಿಂದ ಗಂಡನ ವಂಶಾವಳಿ ಹೊರಬೀಳುತ್ತಿತ್ತು. ಒಂದು ಗಳಿಗೆಯ ಹಿಂದೆ ಶಾರದೆಯನ್ನು ಸ್ತುತಿಸಿದ ಬಾಯೇ ಇದು, ಇನ್ನೊಂದು ಗಳಿಗೆಗೆ ಸೀತೆಯ ಶೋಕವನ್ನು ಹಾಡಿ ಅಳಿಸುವ ಬಾಯೂ ಇದೇ. ಮಳೆ ಕೈಕೊಟ್ಟ ವರ್ಷ ಈ ಆಟವನ್ನು ಆಡಿಸಿದರೆ ಮಳೆ ಬರುತ್ತದೆಂದು ನಂಬಿದ್ದ ಊರುಗಳಿದ್ದವು. ಬೈಗುಳವನ್ನು ತೆಗೆದು ಆಡಿರೆಂದು ಆ ಊರುಗಳು ಯಾವ ಷರತ್ತನ್ನೂ ಹಾಕಲಿಲ್ಲ.

ಬೊಂಬೆಯ ಬಾಯಿ ತೊಳೆಯುವ ಈ ಪೀಡೆ ನಮ್ಮ ಬಡಾವಣೆಗಷ್ಟೇ ಅಂಟಿದ್ದಲ್ಲ. ಇಂಗ್ಲೆಂಡಿನ ಬೀದಿಗಳಲ್ಲಿ ಹೆಂಡತಿಯನ್ನು ದೊಣ್ಣೆಯಿಂದ ಬಡಿದು, ಗಲ್ಲಿಗೇರಿಸಲು ಬಂದವನನ್ನೇ ಗಲ್ಲಿಗೇರಿಸುವ ಪಂಚ್ ಎಂಬ ಬೊಂಬೆಯ ಬಗ್ಗೆ ಅಲ್ಲಿನ ಸಭ್ಯರಿಗೂ ಕಳವಳವಿತ್ತು. 1849ರಲ್ಲಿ ಚಾರ್ಲ್ಸ್ ಡಿಕನ್ಸ್ ಮಹಿಳೆಯೊಬ್ಬರಿಗೆ ಕಾಗದ ಬರೆದು, ಆ ಆಟವನ್ನು ನೀತಿಬೋಧೆಯಾಗಿ ಮಾಡಿದರೆ ಜನ ಅದರತ್ತ ತಿರುಗಿಯೂ ನೋಡುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟರು. ಅಮೆರಿಕದಲ್ಲಿ 2018ರಲ್ಲಿ, ಬೊಂಬೆಗಳು ಬಾಯಿಗೆ ಬಂದಂತೆ ಬೈಯುವ ವಯಸ್ಕರ ಚಿತ್ರವೊಂದರ ಜಾಹೀರಾತು ತಮ್ಮ ಹೆಸರನ್ನು ಎಳೆದು ತಂದಿದೆಯೆಂದು ಸೆಸಮಿ ಸ್ಟ್ರೀಟ್ ಎಂಬ ಮಕ್ಕಳ ಟಿ.ವಿ. ಬೊಂಬೆ ಕಾರ್ಯಕ್ರಮ ತಯಾರಿಸುವವರು ನ್ಯಾಯಾಲಯಕ್ಕೆ ಹೋದರು, ತಡೆಯಾಜ್ಞೆ ಸಿಗಲಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುವ ಅವರ ಬೀದಿಯಲ್ಲಿ ಕೂಡ 1969ರಿಂದ ಕಸದ ಡಬ್ಬಿಯೊಳಗೆ ಕುಳಿತು ಕಂಡವರ ಮೇಲೆಲ್ಲ ಸಿಡುಕುವ ಬೊಂಬೆ ಆಸ್ಕರ್ ಇದ್ದಾನೆ. ಬೈಯಲು ಅವನಿಗೆ ಪರವಾನಗಿಯಿಲ್ಲ, ಆದರೂ ಸಿಡುಕಲು ಒಬ್ಬ ಬೇಕೇ ಬೇಕೆಂಬುದು ಅವರಿಗೂ ಗೊತ್ತಿತ್ತು.

ಮೈಸೂರಿನ ತೊಂದರೆಯೆಂದರೆ, ಇಲ್ಲಿ ಬೊಂಬೆಯೆಂದರೆ ರೇಷ್ಮೆ ಉಟ್ಟು ಮೆಟ್ಟಿಲ ಮೇಲೆ ಕೂರುವ ಪಟ್ಟದ ಬೊಂಬೆ. ನವರಾತ್ರಿಯುದ್ದಕ್ಕೂ ಅದು ತುಟಿ ಬಿಚ್ಚುವುದಿಲ್ಲ, ಆರತಿ ಮಾಡಿಸಿಕೊಂಡು ಮತ್ತೆ ಪೆಟ್ಟಿಗೆಯೊಳಗೆ ಮಲಗುತ್ತದೆ. ಅಂಥ ಬೊಂಬೆಯನ್ನು ನೋಡಿ ಬೆಳೆದವರಿಗೆ ಮಾತಾಡುವ ಬೊಂಬೆಯೇ ಒಂದು ಅಧಿಕಪ್ರಸಂಗ, ಬೈಯುವ ಬೊಂಬೆಯಂತೂ ರಾಜದ್ರೋಹ. ಆದ್ದರಿಂದಲೇ ಈಗಿನ ಬೊಂಬೆಗಳ ಬಾಯಿಗೆ ಹಸಿ ಕಸ, ಒಣ ಕಸ, ಹೆಲ್ಮೆಟ್ಟು, ಮಳೆನೀರು ಕೊಯ್ಲು ಮುಂತಾದ ಸುತ್ತೋಲೆಗಳನ್ನು ತುರುಕಲಾಗುತ್ತಿದೆ. ಮೊನ್ನೆ ಇನ್ನೊಂದು ಆಟದಲ್ಲಿ ಒಂದು ಮೊಲದ ಬೊಂಬೆ ಊಟಕ್ಕೆ ಮುಂಚೆ ಕೈ ತೊಳೆಯುವ ವಿಧಾನವನ್ನು ಹಂತಹಂತವಾಗಿ, ಏರಿಳಿತವಿಲ್ಲದ ದನಿಯಲ್ಲಿ ಬೋಧಿಸಿತು. ನನ್ನ ಪಕ್ಕದ ಹುಡುಗ ಆಕಳಿಸಿ ಅಮ್ಮನ ಮೊಬೈಲು ಕೇಳಿದ. ಕೈ ತೊಳೆಯುವುದನ್ನು ನಮಗೆ ಕಲಿಸಿದವಳು ಅಜ್ಜಿ. ಒಂದೇ ಬಾರಿಗೆ ಕಲಿಸಿದಳು, ಅದು ಇಂದಿಗೂ ಮರೆತಿಲ್ಲ, ಆದರೆ ಅವಳು ಬಳಸಿದ ವಾಕ್ಯಗಳನ್ನು ಯಾವ ಸಂಪಾದಕರೂ ಅಚ್ಚು ಹಾಕುವುದಿಲ್ಲ.