ಗಾಳಿ ಟರ್ಬೈನ್ ಹಿಂದಿನ ವೇಕ್ ಲೆಕ್ಕಕ್ಕೆ ಸೂಪರ್ ಕಂಪ್ಯೂಟರ್ ಬೇಕಾ, ಸರಳ ಫಾರ್ಮುಲಾ ಸಾಕಾ?

ಪರ: ಬೇಕೇ ಬೇಕು

ಮುಂದಿನ ಟರ್ಬೈನು ಗಾಳಿಯಿಂದ ಶಕ್ತಿ ಹೀರ್ಕೊಂಡ್ಮೇಲೆ ಹಿಂದೆ ಉಳಿಯೋದು ವೇಗ ಕಳ್ಕೊಂಡು ಸುಳಿ ಸುಳಿಯಾದ ಗಾಳಿ, ಅದೇ ವೇಕ್, ಹಿಂದಿನ ಸಾಲಿನವಕ್ಕೆ ಸಿಗೋದೂ ಅದೇ. ಪವರ್ ಅನ್ನೋದು ವೇಗದ ಘನಕ್ಕೆ ತಕ್ಕಂತೆ ಇರೋದ್ರಿಂದ ವೇಗ 10% ಇಳಿದ್ರೆ ಪವರ್ ಸುಮಾರು 27% ಇಳಿಯುತ್ತೆ. ಇಷ್ಟು ಸೂಕ್ಷ್ಮ ಇರೋ ಕಡೆ ಅಂದಾಜು ಹೊಡ್ಕೊಂಡು ಕೂರೋದು ಸರಿನಾ?

ಸೂಪರ್ ಕಂಪ್ಯೂಟರ್‌ನಲ್ಲಿ ಓಡೋ ಲಾರ್ಜ್ ಎಡ್ಡಿ ಸಿಮ್ಯುಲೇಶನ್ ದೊಡ್ಡ ಸುಳಿಗಳನ್ನ ನೇರವಾಗಿ ಲೆಕ್ಕ ಹಾಕುತ್ತೆ, ತೀರಾ ಸಣ್ಣವನ್ನ ಮಾತ್ರ ಮಾಡೆಲ್‌ಗೆ ಬಿಡುತ್ತೆ. ಹಾಗಾಗಿ ನೆಲದ ಮೇಲೆ ಹಗಲು ಬಿಸಿಗೆ ಗಾಳಿ ಕಲಸಿ ವೇಕ್ ಬೇಗ ಮಾಯ ಆಗೋದು, ರಾತ್ರಿ ತಣ್ಣಗಾದಾಗ ಅದೇ ವೇಕ್ ತುಂಬಾ ದೂರ ಎಳ್ಕೊಂಡು ಹೋಗೋದು, ಎರಡೂ ಅದ್ರಲ್ಲಿ ಕಾಣುತ್ತೆ. ವೇಕ್ ಅಕ್ಕಪಕ್ಕ ಓಲಾಡಿ ಹಿಂದಿನ ಟರ್ಬೈನ್ ರೆಕ್ಕೆಗೆ ಒಂದ್ಕಡೆ ಮಾತ್ರ ಬಡಿಯೋದೂ ಅಷ್ಟೇ, ರೆಕ್ಕೆ ಸವೆಯೋದು ಈ ಹೊಡೆತಕ್ಕೇ ಹೊರತು ಸರಾಸರಿ ವೇಗಕ್ಕಲ್ಲ. 2019ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಕಂಪನಿನೇ ಹೇಳ್ತು, ಸಮುದ್ರದ ಗಾಳಿ ಫಾರ್ಮ್‌ಗಳಲ್ಲಿ ವೇಕ್ ಮತ್ತೆ ಬ್ಲಾಕೇಜ್ (ಟರ್ಬೈನ್‌ಗಳು ಅಡ್ಡ ನಿಂತು ಅವುಗಳ ಮುಂದೇನೇ ಗಾಳಿ ನಿಧಾನ ಆಗೋದು) ಎರಡನ್ನೂ ತಮ್ಮ ಮಾಡೆಲ್‌ಗಳು ಕಮ್ಮಿ ಅಂದಾಜು ಮಾಡಿದ್ವು ಅಂತ. ಅಷ್ಟು ಅನುಭವ ಇರೋರ ಲೆಕ್ಕನೇ ಹೀಗಾದ್ರೆ ಭೌತಶಾಸ್ತ್ರನ ಪೂರ್ತಿ ಬಿಡಿಸೋ ಖರ್ಚು ದುಬಾರಿ ಅನ್ನೋಕಾಗಲ್ಲ.

ವಿರೋಧ: ಸರಳ ಲೆಕ್ಕನೇ ಸಾಕು

1983ರ ಯೆನ್ಸನ್ ಮಾಡೆಲ್ ನೋಡಿ, ವೇಕ್ ನೇರ ಗೆರೆಲಿ ಅಗಲ ಆಗ್ತಾ ಹೋಗುತ್ತೆ ಅಂತ ಹಿಡಿದು ಎಷ್ಟು ಬೇಗ ಅಗಲ ಆಗುತ್ತೆ ಅನ್ನೋಕೆ ಒಂದೇ ಒಂದು ಸ್ಥಿರಾಂಕ ಇಟ್ಕೊಳ್ಳುತ್ತೆ, ನೆಲದ ಮೇಲೆ ರೂಢಿಲಿರೋದು 0.075, ಕೈಲೇ ಲೆಕ್ಕ ಹಾಕ್ಬಹುದು. ಹಳೇದು ಅಂತ ಬದಿಗಿಡೋ ಮುಂಚೆ ಲೇಔಟ್, ಅಂದ್ರೆ ಯಾವ ಟರ್ಬೈನ್ ಎಲ್ಲಿ ನಿಲ್ಲಿಸೋದು ಅಂತ, ಮಾಡೋರ ಕೆಲಸ ಏನು ಅಂತ ಯೋಚಿಸಿ: 36 ದಿಕ್ಕು, ಒಂದೊಂದಕ್ಕೂ 20 ವೇಗ ಅಂದ್ರೂ ಒಂದು ಲೇಔಟ್‌ಗೆ 720 ಕೇಸ್ ಆಯ್ತು, ಅಂಥ ಲೇಔಟ್‌ಗಳು ಸಾವಿರಾರು. ಭಾರೀ ಸಿಮ್ಯುಲೇಶನ್‌ನ ಒಂದೊಂದು ಕೇಸೂ ನೂರಾರು ಪ್ರೊಸೆಸರ್ ಹಿಡ್ಕೊಂಡು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಓಡುತ್ತೆ. ಹುಡುಕಾಟನೇ ಮುಗಿಯಲ್ಲ!

ಇನ್ನೊಂದು ವಿಷಯ, ಭಾರೀ ಸಿಮ್ಯುಲೇಶನ್ ಅಂದ ತಕ್ಷಣ ಸತ್ಯ ಅಲ್ಲ. ಅದ್ರಲ್ಲೂ ರೆಕ್ಕೆನ ಸಾಮಾನ್ಯವಾಗಿ ಪೂರ್ತಿ ಬಿಡಿಸಲ್ಲ, ಆಕ್ಚುಯೇಟರ್ ಲೈನ್ ಅಂತ ಬಲದ ಗೆರೆ ಎಳೀತಾರೆ, ಲೆಕ್ಕದ ಗ್ರಿಡ್ (ಜಾಗನ ಭಾಗ ಮಾಡೋ ಚೌಕಗಳು) ಎಷ್ಟು ಸಣ್ಣದು, ಒಳಗೆ ಯಾವ ಗಾಳಿ ಬಿಟ್ರಿ ಅನ್ನೋದ್ರ ಮೇಲೆ ಉತ್ತರ ಬದಲಾಗುತ್ತೆ. ಡೆನ್ಮಾರ್ಕಿನ ಸಮುದ್ರದ ಗಾಳಿ ಫಾರ್ಮ್ ಹಾರ್ನ್ಸ್ ರೆವ್‌ನ 80 ಟರ್ಬೈನ್‌ಗಳ ಡೇಟಾ ಜೊತೆ ಹೋಲಿಸಿದಾಗ ಕಂಡಿದ್ದೇನಂದ್ರೆ, ಗಾಳಿ ದಿಕ್ಕಿನ ಅಳತೆಲೇ ಇರೋ ಅನಿಶ್ಚಿತತೆನ ಲೆಕ್ಕಕ್ಕೆ ತಗೊಂಡ್ರೆ ಸರಳ ಮಾಡೆಲ್‌ಗಳೂ ಚೆನ್ನಾಗೇ ಹೊಂದುತ್ವೆ. ಅಂದ್ರೆ ತಪ್ಪಿನ ದೊಡ್ಡ ಪಾಲು ಅಳತೆಲಿತ್ತು.

ಸಂಶೋಧನೆಗೆ ಭಾರೀ ಸಿಮ್ಯುಲೇಶನ್ ಬೇಕು, ಅದನ್ನ ನಾನು ಒಪ್ತೀನಿ. 2014ರ ಗಾಸಿಯನ್ (ಗಂಟೆ ಆಕಾರದ) ವೇಕ್ ಮಾಡೆಲ್ ಅನ್ನೋ ಸರಳ ಫಾರ್ಮುಲಾನ ಒರೆಗೆ ಹಚ್ಚಿದ್ದು ಅಂಥ ಸಿಮ್ಯುಲೇಶನ್ ಡೇಟಾದಿಂದಲೂ. ಆದ್ರೆ ಮುಂದಿನ ಟರ್ಬೈನ್‌ನ ಸ್ವಲ್ಪ ಓರೆ ತಿರುಗಿಸಿ ವೇಕ್‌ನ ಪಕ್ಕಕ್ಕೆ ತಳ್ಳೋ ಕೆಲಸ ಇದ್ಯಲ್ಲ, ಅಲ್ಲಿ ಗಾಳಿ ದಿಕ್ಕು ಬದಲಾಗೋ ಮುಂಚೆ ಉತ್ತರ ಬರ್ಬೇಕು, ನಾಳೆ ಬಂದ್ರೆ ಪ್ರಯೋಜನ ಇಲ್ಲ. ಸೂಪರ್ ಕಂಪ್ಯೂಟರ್‌ಗೆ ಸುರಿಯೋ ದುಡ್ಡಲ್ಲಿ ಜಾಗದಲ್ಲೇ ಲೈಡಾರ್ (ಲೇಸರ್‌ನಿಂದ ಗಾಳಿ ಅಳೆಯೋ ಉಪಕರಣ) ಇಟ್ಟು ಒಂದು ವರ್ಷ ಗಾಳಿ ಅಳೀರಿ, ಸರಳ ಮಾಡೆಲ್‌ನ ಅದಕ್ಕೆ ಹೊಂದಿಸ್ಕೊಳ್ಳಿ.